ಅಪ್‌ಡೇಟ್: ಹುಡುಗರು ಬಾಯಿ ಬಿಡಲ್ಲ ಅಂತ ಕೇಳಿದ್ದೆನಲ್ಲ, ಅದರ ಕಥೆ

ಹಿಂದೆ ಕೇಳಿದ್ದು ಇಷ್ಟು: ಪೀಣ್ಯದಲ್ಲಿ ನಮ್ಮದು ಚಿಕ್ಕ ಸಿಎನ್‌ಸಿ (ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕತ್ತರಿಸುವ ಮಷೀನ್) ವರ್ಕ್‌ಶಾಪ್, ಅಳತೆ ತಪ್ಪಿದ್ದು ಗೊತ್ತಾದರೂ ಹುಡುಗರು ಹೇಳುವುದಿಲ್ಲ, ಮಾಲು ವಾಪಸ್ ಬಂದಮೇಲೆ ನನಗೆ ತಿಳಿಯುತ್ತದೆ, ಏನು ಮಾಡಲಿ ಅಂತ.

ವಾಟ್ಸಾಪ್ ಗ್ರೂಪ್ ಬಿಟ್ಟು ಎದುರಿಗೆ ಮಾತಾಡಿ ಅಂದವರ ಸಲಹೆ ಕೆಲಸಕ್ಕೆ ಬಂತು. ಈಗ ಶಿಫ್ಟ್ ಬದಲಾಗುವಾಗ ಮಷೀನ್ ಪಕ್ಕದಲ್ಲೇ ನಿಂತು ಐದು ನಿಮಿಷ ಮಾತು. ಡ್ರಾಯಿಂಗ್ ಕೊಟ್ಟು 'ಅರ್ಥ ಆಯ್ತಾ' ಅಂತ ಕೇಳುವುದಿಲ್ಲ, ಅದಕ್ಕೆ ಎಲ್ಲರೂ 'ಹೂಂ ಸಾರ್' ಅಂತಲೇ ಅನ್ನೋದು, ಬದಲಿಗೆ 'ಯಾವ ಅಳತೆ ಟೈಟ್ ಇದೆ, ತೋರಿಸು' ಅನ್ನುತ್ತೇನೆ (ಟೈಟ್ ಅಂದರೆ ಹೆಚ್ಚುಕಮ್ಮಿಗೆ ಜಾಗ ಇಲ್ಲದ ಅಳತೆ). ಮೊನ್ನೆ ಒಡಿಶಾದ ಹುಡುಗ ಶಾಫ್ಟ್‌ಗೆ ಮೈಕ್ರೋಮೀಟರ್ ಹಿಡಿದು, ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ, '24.98 ಬೇಕು, 25.03 ಬರ್ತಿದೆ ಸಾರ್, ಇನ್ಸರ್ಟ್ ಸವೆದಿದೆ' ಅಂದ (ಇನ್ಸರ್ಟ್ ಅಂದರೆ ಲೋಹ ಕತ್ತರಿಸುವ ಮೊನೆ). ಮಷೀನ್ ಆಗಲೇ ನಿಲ್ಲಿಸಿದ್ದ, ನನ್ನನ್ನು ಕೇಳಿರಲಿಲ್ಲ. ಖುಷಿಯಾಯಿತು.

ತಪ್ಪು ಹಿಡಿದವರಿಗೆ ಬೋನಸ್ ಕೊಡಿ ಅಂದಿದ್ದರು ಕೆಲವರು. ನನಗೆ ಸರಿ ಅನಿಸಲಿಲ್ಲ. ಓವರ್‌ಟೈಮ್‌ಗೆ ಡಬಲ್ ರೇಟ್ ಕಾನೂನಿನಲ್ಲೇ ಇದೆ, ಮೊದಲು ಅದು ಸರಿಯಾಗಿ ಕೈ ಸೇರಲಿ, ಅಲ್ವಾ?

ಹಳೇ ಸೂಪರ್‌ವೈಸರ್ ಮಾತ್ರ ಮುನಿಸಿಕೊಂಡಿದ್ದಾರೆ, 'ನನ್ನ ಬಿಟ್ಟು ಹುಡುಗರನ್ನ ಕೇಳ್ತೀರಾ' ಅಂತ. ಅದಕ್ಕೇ ಸೋಮವಾರದಿಂದ ಆ ಐದು ನಿಮಿಷ ಅವರೇ ನಡೆಸುತ್ತಾರೆ, ನಾನು ಸುಮ್ನೆ ಪಕ್ಕದಲ್ಲಿ ನಿಲ್ಲುತ್ತೇನೆ.