ಗ್ರಂಥಾಲಯದ ಫೇಸ್‌ಬುಕ್ ಪುಟ ನನ್ನ ಕೈಗೆ ಬಂದಿದೆ, ಹೇಗೆ ಕಲಿಯಲಿ?

ಪ್ರಶ್ನೆ:
ಇಪ್ಪತ್ತು ವರ್ಷದಿಂದ ಗ್ರಂಥಾಲಯದಲ್ಲಿದ್ದೇನೆ. ಯಾವ ಪುಸ್ತಕ ಯಾವ ಕಪಾಟಿನಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳಬಲ್ಲೆ. ಈಗ ಫೇಸ್‌ಬುಕ್ ಪುಟ, ವಾಟ್ಸಾಪ್ ಎರಡೂ ನನ್ನ ಪಾಲಿಗೆ ಬಂದಿವೆ. ನಿನ್ನೆ ಹೊಸ ಪುಸ್ತಕಗಳ ಫೋಟೊ ಹಾಕಿದೆ. ನೋಡಿದರೆ ಅದು ನನ್ನ ಸ್ವಂತ ಖಾತೆಯಲ್ಲಿತ್ತು! ತರಬೇತಿ ಒಂದು ದಿನ ಆಗಿತ್ತು, ಆದರೆ ಬರೀ ಸ್ಲೈಡ್ ತೋರಿಸಿದರು. ಎಲ್ಲಿಂದ ಶುರು ಮಾಡಲಿ?

ಉತ್ತರ 1:
ಪೋಸ್ಟ್ ಒತ್ತುವ ಮುಂಚೆ ಮೇಲೆ ಯಾರ ಹೆಸರಿದೆ ಅಂತ ನೋಡಿಕೊಳ್ಳಿ. ಆ ತಪ್ಪು ಎಲ್ಲರೂ ಮಾಡುತ್ತಾರೆ.

ನೋಡಿ ಕಲಿಯುವುದಕ್ಕಿಂತ ಮಾಡಿ ಕಲಿಯುವುದು ಒಳ್ಳೆಯದು. 2006ರಲ್ಲಿ ಅಮೆರಿಕದ ಷಾರ್ಲೆಟ್‌ನ ಸಾರ್ವಜನಿಕ ಗ್ರಂಥಾಲಯದಲ್ಲಿ ಹೆಲೆನ್ ಬ್ಲೋವರ್ಸ್ ಸಿಬ್ಬಂದಿಗೆ 23 ಸಣ್ಣ ಕೆಲಸ ಕೊಟ್ಟರು. ಬ್ಲಾಗ್ ತೆರೆಯುವುದು, ಫೋಟೊ ಹಂಚುವ ತಾಣವಾದ ಫ್ಲಿಕರ್ ನೋಡುವುದು, ಹಲವರು ಸೇರಿ ತಿದ್ದಬಹುದಾದ ವಿಕಿ ಪುಟದಲ್ಲಿ ಬರೆಯುವುದು, ಹೀಗೆ. ತಮ್ಮ ವೇಗದಲ್ಲಿ ಮಾಡಿ, ಅನುಭವವನ್ನು ತಮ್ಮ ಬ್ಲಾಗ್‌ನಲ್ಲೇ ಬರೆಯಬೇಕಿತ್ತು. ಆಮೇಲೆ ಬೇರೆ ದೇಶಗಳ ಗ್ರಂಥಾಲಯಗಳೂ ಇದನ್ನೇ ಮಾಡಿದವು. ನೀವೂ ವಾರಕ್ಕೊಂದು ಕೆಲಸ ಇಟ್ಟುಕೊಳ್ಳಿ.

ಉತ್ತರ 2:
ವಾಟ್ಸಾಪ್‌ನಲ್ಲಿ ಓದುಗರನ್ನೆಲ್ಲ ಸುಮ್ನೆ ಒಂದು ಗ್ರೂಪ್‌ಗೆ ಸೇರಿಸಬೇಡಿ. ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುತ್ತದೆ. ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ, ಅದರಲ್ಲಿ ಒಂದೇ ಸಂದೇಶ ಎಲ್ಲರಿಗೂ ಬೇರೆ ಬೇರೆಯಾಗಿ ಹೋಗುತ್ತದೆ. ಒಂದು ಪಟ್ಟಿಗೆ 256 ಜನ. ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಹೋಗುತ್ತದೆ. ಹಾಗಾಗಿ ಪುಸ್ತಕ ಕೊಡುವ ಮೇಜಿನ ಮೇಲೆ ನಂಬರ್ ಬರೆದಿಡಿ. ಯಾರು ಯಾವ ಪುಸ್ತಕ ಒಯ್ದರು ಅನ್ನುವುದನ್ನು ಮಾತ್ರ ಎಲ್ಲೂ ಹಾಕಬೇಡಿ.

ಪ್ರಶ್ನೆ ಕೇಳಿದವರು:
ಗ್ರೂಪ್ ಮಾಡುವುದರಲ್ಲೇ ಇದ್ದೆ, ಒಳ್ಳೆ ಸಮಯಕ್ಕೆ ಹೇಳಿದಿರಿ. ನಂಬರ್ ಚೀಟಿ ಈಗಲೇ ಅಂಟಿಸಿದೆ. ಈ ವಾರದ ಕೆಲಸ, ಅದೇ ಫೋಟೊ ಸರಿಯಾದ ಪುಟದಲ್ಲಿ ಹಾಕುವುದು.