ಸೊಂಟದ ಹುಳುಕಡ್ಡಿ ಐದು ತಿಂಗಳಿಂದ ಮರುಕಳಿಸುತ್ತಿದೆ. ಮಗಳ ತಲೆಯಲ್ಲಿರುವುದೂ ಅದೇ ಇರಬಹುದೇ?

ಪ್ರಶ್ನೆ: ಸಂಪಿಗೆ, ಯಶವಂತಪುರ

ಕಳೆದ ಜೂನ್‌ನಲ್ಲಿ, ಒಳಲಂಗದ ಲಾಡಿ ಕಟ್ಟುವ ಜಾಗದಲ್ಲಿ, ಒಂದು ರೂಪಾಯಿ ನಾಣ್ಯದಷ್ಟು ಅಗಲದ ಕೆಂಪು ಉಂಗುರವೊಂದು ಕಾಣಿಸಿಕೊಂಡಿತು. ಅಂಚಿನಲ್ಲಿ ಸಾಸಿವೆಗಿಂತ ಚಿಕ್ಕ ಗುಳ್ಳೆಗಳಿದ್ದವು, ನಡುವಿನ ಚರ್ಮ ಮಾತ್ರ ಮಾಮೂಲಾಗಿಯೇ ಇತ್ತು. ಬೀದಿ ಕೊನೆಯ ಔಷಧಿ ಅಂಗಡಿಯವರು ಕೊಟ್ಟ ಟ್ಯೂಬನ್ನು ಹಚ್ಚಿದ ಮೂರನೆಯ ದಿನಕ್ಕೆ ತುರಿಕೆ ನಿಂತಿತು, ವಾರದೊಳಗೆ ಕೆಂಪು ಇಳಿಯಿತು. ಹಚ್ಚುವುದನ್ನು ಬಿಟ್ಟ ಹತ್ತೇ ದಿನಕ್ಕೆ ಮೊದಲಿಗಿಂತ ಅಗಲವಾಗಿ ಮರಳಿತು. ಹೀಗೆಯೇ ನಾಲ್ಕು ಟ್ಯೂಬ್‌ಗಳು ಮುಗಿದಿವೆ. ಈಗ ಉಂಗುರದ ಆಕಾರವೂ ಉಳಿದಿಲ್ಲ, ತೊಡೆಸಂದಿಯವರೆಗೆ ಇಳಿದಿದೆ, ಅಲ್ಲಲ್ಲಿ ಚರ್ಮ ತೆಳುವಾಗಿ ಗೀರುಗಳು ಬಿದ್ದಿವೆ.

ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ನನ್ನ ಯಜಮಾನರಿಗೂ ತೊಡೆಸಂದಿಯಲ್ಲಿ ತುರಿಕೆಯಿದೆ. ನಾಚಿಕೆಯಿಂದ ಯಾರಿಗೂ ತೋರಿಸಲು ಒಪ್ಪುತ್ತಿಲ್ಲ. ಏಳು ವರ್ಷದ ಮಗಳ ನೆತ್ತಿಯಲ್ಲಿ ಹೊಟ್ಟು ಹೊಟ್ಟಾದ ಒಂದು ದುಂಡು ಜಾಗವಿದ್ದು, ಅಲ್ಲಿನ ಕೂದಲು ಬುಡಕ್ಕೇ ಮುರಿದಿದೆ. ರಕ್ತ ಕೆಟ್ಟಿರುವುದರಿಂದ ಹೀಗಾಗಿದೆ ಎಂದು ಅತ್ತೆಯವರು ಬದನೆಕಾಯಿ, ಕಡಲೆಕಾಯಿ ಎರಡನ್ನೂ ನಂಜೆಂದು ಬಿಡಿಸಿದ್ದಾರೆ. ಬಿಟ್ಟು ಎರಡು ತಿಂಗಳಾದರೂ ಗುಣ ಕಂಡಿಲ್ಲ. ಮುಂದೇನು ಮಾಡಬೇಕೆಂದು ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1: ಹಳೆಯ ಸೂಕ್ಷ್ಮದರ್ಶಕ, ಜಯನಗರ

ನಾನು ವೈದ್ಯನಲ್ಲ, ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಚರ್ಮದ ಮಾದರಿಗಳನ್ನು ಪರೀಕ್ಷಿಸುತ್ತಲೇ ಕೆಲಸದಿಂದ ನಿವೃತ್ತನಾದವನು. ಮೊದಲು ಆ ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳನ್ನು ಓದಿ. ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್ ಇವುಗಳಲ್ಲಿ ಯಾವುದಾದರೂ ಒಂದು ಹೆಸರು ಅಲ್ಲಿದ್ದರೆ ನೀವು ಹಚ್ಚುತ್ತಿರುವುದು ಸ್ಟೀರಾಯ್ಡ್. ನೀವು ವಿವರಿಸಿರುವ ತೆಳುವಾದ ಚರ್ಮವೂ ಗೀರುಗಳೂ ಅದನ್ನೇ ಸೂಚಿಸುತ್ತವೆ.

ಹುಳುಕಡ್ಡಿ ಎಂದು ಕರೆದರೂ ಇದರಲ್ಲಿ ಹುಳುವೇನೂ ಇಲ್ಲ. ಚರ್ಮ, ಕೂದಲು ಮತ್ತು ಉಗುರುಗಳಲ್ಲಿರುವ ಕೆರಾಟಿನ್ ಎಂಬ ಪದಾರ್ಥವನ್ನು ತಿಂದು ಬದುಕುವ ಶಿಲೀಂಧ್ರ, ಅಂದರೆ ಒಂದು ಜಾತಿಯ ಬೂಷ್ಟು, ಹೊರಪದರದಲ್ಲಿ ಸುತ್ತಲೂ ಹರಡುತ್ತಾ ಹೋಗುತ್ತದೆ. ಅದನ್ನು ಹೊರಹಾಕಲು ದೇಹ ನಡೆಸುವ ಹೋರಾಟವೇ ಆ ಕೆಂಪು ಅಂಚು. ಸ್ಟೀರಾಯ್ಡ್ ಆ ಹೋರಾಟವನ್ನು ನಿಲ್ಲಿಸುತ್ತದೆ, ಬೂಷ್ಟನ್ನಲ್ಲ. ಆದುದರಿಂದಲೇ ತುರಿಕೆ ಮೂರು ದಿನಕ್ಕೆ ಅಡಗುತ್ತದೆ, ಬೂಷ್ಟು ಮಾತ್ರ ತಡೆಯಿಲ್ಲದೆ ಬೆಳೆಯುತ್ತದೆ, ಉಂಗುರದ ಆಕಾರ ಕಲಸಿಹೋಗಿ ನೋಡುವ ವೈದ್ಯರಿಗೂ ಗುರುತು ಸಿಗದಂತಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು ಇಂತಹ ಸ್ಟೀರಾಯ್ಡ್ ಲೇಪನಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ಆದರೂ ಕೇಳಿದವರಿಗೆಲ್ಲ ಅವು ಸಿಗುತ್ತಿರುವುದು ನನಗೆ ಬಹಳ ನೋವಿನ ಸಂಗತಿ.

ಚರ್ಮರೋಗ ತಜ್ಞರಲ್ಲಿಗೆ ಹೋಗಿ ಕೆಓಎಚ್ ಪರೀಕ್ಷೆಯ ಬಗ್ಗೆ ಕೇಳಿ. ಬೌರಿಂಗ್, ವಿಕ್ಟೋರಿಯಾದಂತಹ ಸರ್ಕಾರಿ ಆಸ್ಪತ್ರೆಗಳಲ್ಲೂ ಚರ್ಮದ ವಿಭಾಗವಿದೆ. ಗಾಯದ ನಡುವಿನಿಂದಲ್ಲ, ಅಂಚಿನಿಂದ ಬ್ಲೇಡಿನ ಮೊಂಡು ಬದಿಯಲ್ಲಿ ಹೊಟ್ಟನ್ನು ಕೆರೆದು, ಗಾಜಿನ ಮೇಲಿಟ್ಟು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಹನಿಯೊಂದನ್ನು ಬಿಡುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಚರ್ಮದ ಜೀವಕೋಶಗಳು ಕರಗಿ ತಿಳಿಯಾದಾಗ, ಕವಲೊಡೆದ ತೆಳ್ಳನೆಯ ಎಳೆಗಳು ಸೂಕ್ಷ್ಮದರ್ಶಕದಡಿ ಸ್ಪಷ್ಟವಾಗಿ ಎದ್ದು ಕಾಣುತ್ತವೆ. ನೋವಿಲ್ಲದ, ದುಬಾರಿಯೂ ಅಲ್ಲದ ಪರೀಕ್ಷೆ ಇದು. ಟ್ಯೂಬ್ ನಿಲ್ಲಿಸಿದ ಮೊದಲ ದಿನಗಳಲ್ಲಿ ಉರಿ, ತುರಿಕೆ ಹೆಚ್ಚಾಗಬಹುದು. ಹೆದರಿ ಮತ್ತೆ ಅದನ್ನೇ ಹಚ್ಚಬೇಡಿ.

ಮಗಳ ವಿಷಯದಲ್ಲಿ ತಡ ಮಾಡಬೇಡಿ. ತಲೆಯ ಹುಳುಕಡ್ಡಿಯಲ್ಲಿ ಬೂಷ್ಟು ಕೂದಲಿನ ಬೇರಿನವರೆಗೂ ಇಳಿದಿರುತ್ತದೆ, ಮೇಲೆ ಹಚ್ಚಿದ ಕ್ರೀಮ್ ಅಷ್ಟು ಆಳಕ್ಕೆ ತಲುಪುವುದಿಲ್ಲ. ತೂಕಕ್ಕೆ ತಕ್ಕಂತೆ ಗ್ರಿಸಿಯೋಫಲ್ವಿನ್ ಅಥವಾ ಟರ್ಬಿನಾಫಿನ್ ಅನ್ನು ಕೆಲವು ವಾರಗಳ ಕಾಲ ಹೊಟ್ಟೆಗೇ ಕೊಡಬೇಕಾಗುತ್ತದೆ. ಮನೆಯಲ್ಲಿ ಬೆಕ್ಕಿನ ಮರಿಯಿದ್ದರೆ ಅದರಿಂದಲೂ ಅಂಟಿರಬಹುದು, ಆ ವಿಷಯವನ್ನೂ ವೈದ್ಯರಿಗೆ ತಿಳಿಸಿ.

ರಕ್ತ ಕೆಟ್ಟಿದೆ ಎಂಬುದರಲ್ಲಿ ಹುರುಳಿಲ್ಲ. ಕಾರ್ತಿಕದಲ್ಲಿ ಬಸವನಗುಡಿಯ ಪರಿಷೆಗೆ ಬಂದಾಗ ಕಡಲೆಕಾಯಿಯನ್ನು ಧಾರಾಳವಾಗಿ ತಿನ್ನಿ.

ಉತ್ತರ 2: ತುಂಗೆಯ ಮಡಿಲು, ವಿಜಯನಗರ

ನಮ್ಮ ಊರಿನಲ್ಲಿ ಸೀಮೆ ಅಗಸೆಯ ಎಲೆಯನ್ನು ಅರೆದು ಹಚ್ಚುತ್ತಿದ್ದರು, ಕೆಲವರು ಬೆಳ್ಳುಳ್ಳಿಯನ್ನೂ ಜಜ್ಜಿ ಕಟ್ಟುತ್ತಿದ್ದರು. ಅಡ್ಡಪರಿಣಾಮವಿಲ್ಲದ ಇವನ್ನು ಮೊದಲು ಪ್ರಯತ್ನಿಸಬಾರದೇ?

ಉತ್ತರ 3: ಹಳೆಯ ಸೂಕ್ಷ್ಮದರ್ಶಕ, ಜಯನಗರ

ಸೀಮೆ ಅಗಸೆಯನ್ನು ಹುಳುಕಡ್ಡಿಗೆ ಬಳಸುವ ರೂಢಿ ಹಳೆಯದು, ನಿಜ. ಆದರೆ ಐದು ತಿಂಗಳ ಸ್ಟೀರಾಯ್ಡ್‌ನಿಂದ ತೆಳುವಾದ ಚರ್ಮದ ಮೇಲೆ ಏನನ್ನೂ ಅರೆದು ಹಚ್ಚಬಾರದು. ಹಸಿ ಬೆಳ್ಳುಳ್ಳಿಯಂತೂ ಚರ್ಮವನ್ನು ಸುಟ್ಟು ಬೊಕ್ಕೆ ಎಬ್ಬಿಸುತ್ತದೆ. ಇನ್ನೊಂದು ಮಾತು: ನಮ್ಮ ದೇಶದಲ್ಲಿ ಈಗ ವ್ಯಾಪಕವಾಗಿರುವ ತಳಿಗೆ 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. ಅದರಲ್ಲಿ ಅನೇಕವು ಟರ್ಬಿನಾಫಿನ್‌ಗೆ ಬಗ್ಗುವುದಿಲ್ಲ. ಹಿಂದೆ ಮನೆಮದ್ದಿಗೋ ಎರಡು ವಾರದ ಕ್ರೀಮಿಗೋ ವಾಸಿಯಾಗುತ್ತಿದ್ದ ಕಾಯಿಲೆ ಇಂದು ಹಾಗಿಲ್ಲ.

ಉತ್ತರ 4: ಕೆಂಗೇರಿ ಉಪನಗರ

ಮನೆಯವರೆಲ್ಲರಿಗೂ ಒಟ್ಟಿಗೇ ಚಿಕಿತ್ಸೆಯಾಗದಿದ್ದರೆ ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತದೆ. ನಮ್ಮ ಮನೆಯಲ್ಲಿ ಒಂದು ವರ್ಷ ಹಾಗೆಯೇ ಆಯಿತು. ಟವೆಲ್, ಬಾಚಣಿಗೆ, ಸೋಪು ಎಲ್ಲವನ್ನೂ ಬೇರೆ ಮಾಡಿಕೊಳ್ಳಿ. ಆಷಾಢ, ಶ್ರಾವಣದಲ್ಲಿ ಇಲ್ಲಿ ಬಟ್ಟೆ ಎರಡು ದಿನವಾದರೂ ಒಣಗದೆ, ಲಾಡಿ ತೂರಿಸುವ ಮಡಿಕೆಯಂತೂ ಕೈಗೆ ತಣ್ಣಗೇ ತಾಕುತ್ತಿರುತ್ತದೆ. ಆ ಮಡಿಕೆಯನ್ನು ಒಳಹೊರಗೆ ತಿರುಗಿಸಿ ಬಿಸಿ ಇಸ್ತ್ರಿ ಹಾಕಿದ ಮೇಲೆಯೇ ಉಡಿ. ಲಾಡಿಯನ್ನೂ ದಿನವೂ ಬದಲಿಸಿ, ಬಿಗಿಯಾಗಿ ಕಟ್ಟಬೇಡಿ.

ನಿಮ್ಮ ಯಜಮಾನರ ಕಾಲ್ಬೆರಳ ಸಂದಿಗಳನ್ನೂ ಉಗುರುಗಳನ್ನೂ ನೋಡಿ. ನನ್ನ ತೊಡೆಸಂದಿಯ ಹುಳುಕಡ್ಡಿಯ ಮೂಲ, ಹಳದಿಯಾಗಿ ದಪ್ಪಗಾಗಿದ್ದ ಹೆಬ್ಬೆರಳಿನ ಉಗುರೇ ಆಗಿತ್ತು. ಮಾತ್ರೆ ಮೂರು ತಿಂಗಳಿಗೆ ಮುಗಿದರೂ, ಕಾಲಿನ ಉಗುರು ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರ್ ಮಾತ್ರ ಬೆಳೆಯುವುದರಿಂದ, ಪೂರ್ತಿ ಹೊಸ ಉಗುರು ಬರಲು ವರ್ಷದ ಮೇಲಾಯಿತು.

ಪ್ರಶ್ನಿಸಿದವರಿಂದ: ಸಂಪಿಗೆ, ಯಶವಂತಪುರ

ಎಲ್ಲರಿಗೂ ಕೃತಜ್ಞತೆಗಳು. ಟ್ಯೂಬಿನ ಮೇಲೆ ಕ್ಲೋಬೆಟಾಸಾಲ್ ಎಂದೇ ಇತ್ತು. ನಿನ್ನೆ ಮೂವರೂ ತೋರಿಸಿಕೊಂಡು ಬಂದೆವು, ಮೂವರ ಪರೀಕ್ಷೆಯಲ್ಲೂ ಬೂಷ್ಟು ಸಿಕ್ಕಿತು. ನನಗೂ ಯಜಮಾನರಿಗೂ ಇಟ್ರಾಕೊನಜೋಲ್ ಬರೆದುಕೊಟ್ಟು, ಊಟದ ಜೊತೆಗೇ ನುಂಗಬೇಕು, ಅಸಿಡಿಟಿಯ ಮಾತ್ರೆಯನ್ನು ಕೇಳದೆ ತೆಗೆದುಕೊಳ್ಳಬಾರದು ಎಂದಿದ್ದಾರೆ. ಒಂದು ಸಂದೇಹ ಉಳಿದಿದೆ. ಪಕ್ಕದ ಮನೆಯಾಕೆ ತನ್ನ ಕೂಸಿಗೆ ಡೈಪರ್ ಕಟ್ಟುವ ಜಾಗ ಕೆಂಪಾಗಿದೆಯೆಂದು ಉಳಿದ ಅರ್ಧ ಟ್ಯೂಬನ್ನು ಕೇಳುತ್ತಿದ್ದಾರೆ.

ಉತ್ತರ 5: ಹಳೆಯ ಸೂಕ್ಷ್ಮದರ್ಶಕ, ಜಯನಗರ

ಖಂಡಿತ ಕೊಡಬೇಡಿ. ಕೂಸಿನ ಚರ್ಮ ತೆಳು, ಮೇಲೆ ಡೈಪರ್ ಮುಚ್ಚಿರುವಾಗ ಸ್ಟೀರಾಯ್ಡ್ ಇನ್ನೂ ಹೆಚ್ಚಾಗಿ ಮೈಗೆ ಸೇರುತ್ತದೆ. ಮಗುವನ್ನು ಮಕ್ಕಳ ವೈದ್ಯರಿಗೆ ತೋರಿಸಲು ಹೇಳಿ, ಟ್ಯೂಬನ್ನು ಕತ್ತರಿಸಿ ಕಸಕ್ಕೆ ಹಾಕಿ.