ಸರಣಿ ನೋಡಿದರೆ ನನ್ನ ಪಾತ್ರಗಳ ದನಿ ಬದಲಾಗುತ್ತದೆ, ಏನು ಮಾಡಲಿ?

ಅರ್ಧಕತೆ: ಕಾಲೇಜಿನಿಂದ ಬಂದ ಕೂಡಲೇ ಪತ್ತೇದಾರಿ ಸರಣಿ, ರಾತ್ರಿ ಹಾಸಿಗೆಯಲ್ಲಿ ಮಂಗಾ (ಜಪಾನಿ ಚಿತ್ರಕಥೆ), ಉಳಿದ ಹೊತ್ತಿನಲ್ಲಿ ಕಾದಂಬರಿ ಬರೆಯುವ ಹುಚ್ಚು. ಏನನ್ನು ನೋಡುತ್ತೇನೋ ನನ್ನ ಪಾತ್ರಗಳು ಅದರ ದನಿಯಲ್ಲೇ ಮಾತನಾಡತೊಡಗುತ್ತವೆ. ಮೂರನೆಯ ಅಧ್ಯಾಯದ ಅಜ್ಜಿ ಈಗ ಮೊಮ್ಮಕ್ಕಳನ್ನು ಸಾಕ್ಷಿಗಳಂತೆ ವಿಚಾರಣೆ ಮಾಡುತ್ತಿದ್ದಾಳೆ! ನೋಡುವುದನ್ನು ನಿಲ್ಲಿಸಲೇ? (ನಿಲ್ಲಿಸುವ ಮನಸ್ಸಿಲ್ಲ, ಮೊದಲೇ ಹೇಳಿಬಿಡುತ್ತೇನೆ.)

ಕತ್ತರಿ: ನಿಲ್ಲಿಸಬೇಡಿ, ಕ್ರಮ ಬದಲಿಸಿ. ಬೆಳಿಗ್ಗೆ ಬರವಣಿಗೆ, ಸಂಜೆ ಸರಣಿ. ಕಂತನ್ನು ಎಲ್ಲಿ ಕಡಿದರು, ಯಾವ ಸಂಗತಿಯನ್ನು ಬಚ್ಚಿಟ್ಟರು ಎಂಬುದನ್ನಷ್ಟೇ ಗುರುತು ಹಾಕಿಕೊಳ್ಳಿ. ಸಂಭಾಷಣೆಯನ್ನು ಅಲ್ಲೇ ಬಿಟ್ಟು ಬನ್ನಿ.

ಮಸಿಬೆರಳು: ನನಗೆ ಆ ಅಜ್ಜಿ ತುಂಬಾ ಹಿಡಿಸಿದಳು, ವಿಚಾರಣೆ ಮುಂದುವರಿಯಲಿ. ಮಂಗಾವನ್ನಂತೂ ಬಿಡಲೇಬೇಡಿ. ಮಾತೇ ಇಲ್ಲದ ಚೌಕಟ್ಟುಗಳು ಓದುಗನನ್ನು ಹೇಗೆ ತಡೆದು ನಿಲ್ಲಿಸುತ್ತವೆ ನೋಡಿ. ದೊಡ್ಡ ಅಚ್ಚರಿಯನ್ನು ಸಾಮಾನ್ಯವಾಗಿ ಪುಟ ತಿರುಗಿಸಿದ ಮೇಲೆ ಕಾಣುವಂತೆ ಇಡುತ್ತಾರೆ. ಅಧ್ಯಾಯ ಮುಗಿಸುವಾಗ ನಾನು ಇದನ್ನೇ ಕದಿಯುತ್ತೇನೆ.

ಅರ್ಧಕತೆ: ಕದಿಯಲು ಅನುಮತಿ ಸಿಕ್ಕಿತು, ಸಂತೋಷ. ಬೆಳಿಗ್ಗೆ ಎಂದರೆ ಎಷ್ಟು ಬೆಳಿಗ್ಗೆ?

ಕತ್ತರಿ: ಮೊಬೈಲ್ ಕೈಗೆ ಬರುವ ಮೊದಲು.